ಶನಿವಾರದ ಎರಡು ಗಂಟೆ: ಮಗಳಿಗೊಂದು ಪತ್ರ

ಮೂಡಿಗೆರೆ,
ಭಾನುವಾರ

ಪ್ರೀತಿಯ ಪುಟ್ಟಿ,

ಆಫೀಸು ಮುಗಿಸಿ ರೂಮಿಗೆ ಬಂದರೆ ಏನೂ ಬೇಡ ಅನ್ನಿಸುತ್ತೆ, ರಜೆ ದಿನ ಫೋನ್ ನೋಡುತ್ತಾ ಮಲಗಿದ್ದಲ್ಲೇ ಮಧ್ಯಾಹ್ನ ಆಗಿಬಿಡುತ್ತೆ ಅಂತ ಬರೆದಿದ್ದೀಯ. "ಯಾರಿಗಾದ್ರೂ ಸಹಾಯ ಮಾಡು, ಮನಸ್ಸು ಹಗುರಾಗುತ್ತೆ ಅಂತ ಎಲ್ರೂ ಹೇಳ್ತಾರೆ. ನನ್ನನ್ನೇ ನಾನು ನೋಡ್ಕೊಳ್ಳೋಕಾಗ್ತಿಲ್ಲ, ಬೇರೆಯವರಿಗೆ ಏನು ಮಾಡ್ಲಿ?" ಅಂತ ಕೇಳಿದ್ದೀಯ. ಕೇಳಬೇಕಾದ ಪ್ರಶ್ನೆಯೇ ಅದು. ಸಹಾಯ ಮಾಡಿದವರ ಮನಸ್ಸು ಚೇತರಿಸಿಕೊಳ್ಳುತ್ತೆ ಅನ್ನೋದು ನಿಜ. ಆದರೆ ಎಲ್ಲ ಸಹಾಯಕ್ಕೂ ಆ ಗುಣ ಇಲ್ಲ. ಕೆಲವು ಇದ್ದಬದ್ದ ಶಕ್ತಿಯನ್ನೂ ಹೀರಿಬಿಡುತ್ತವೆ. ಯಾವುದು ಎತ್ತುತ್ತೆ, ಯಾವುದು ಇಳಿಸುತ್ತೆ ಅಂತ ತಿಳಿದುಕೊಂಡು ಕೈ ಹಾಕಬೇಕು.

ಮೊದಲು ಒಂದು ವಿಷಯ. ಮನಸ್ಸು ಕುಗ್ಗಿರುವಾಗ ಅದು ಹಾಕೋ ಅಂದಾಜು ನಂಬಬೇಡ. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕಲ್ ನಾರ್ಟನ್ ಅನ್ನೋ ಸಂಶೋಧಕರು ಕೆನಡಾದಲ್ಲಿ ಒಂದು ಪ್ರಯೋಗ ಮಾಡಿದರು. ಬೆಳಿಗ್ಗೆ ಕೆಲವರ ಕೈಗೆ 5 ಡಾಲರ್, ಕೆಲವರ ಕೈಗೆ 20 ಡಾಲರ್ ಕೊಟ್ಟು ಸಂಜೆ 5 ಗಂಟೆಯೊಳಗೆ ಖರ್ಚು ಮಾಡಿ ಅಂದರು. ಅರ್ಧ ಜನ ತಮಗಾಗಿ ಖರ್ಚು ಮಾಡಬೇಕು, ಇನ್ನರ್ಧ ಜನ ಬೇರೆಯವರಿಗಾಗಿ. ಸಂಜೆ ವಿಚಾರಿಸಿದರೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಐದಾಗಲಿ ಇಪ್ಪತ್ತಾಗಲಿ, ವ್ಯತ್ಯಾಸ ಇರಲಿಲ್ಲ. ಹೀಗೊಂದು ಪ್ರಯೋಗ ನಡೆದರೆ ಯಾರಿಗೆ ಹೆಚ್ಚು ಸಂತೋಷ ಆಗಬಹುದು ಅಂತ ಬೇರೆ ಜನರನ್ನು ಕೇಳಿದಾಗ, ಹೆಚ್ಚಿನವರು ತಮಗಾಗಿ ಖರ್ಚು ಮಾಡಿಕೊಂಡವರಿಗೆ, 20 ಡಾಲರ್ ಸಿಕ್ಕವರಿಗೆ ಅಂದರು. ಎರಡೂ ತಪ್ಪು. ಚೆನ್ನಾಗಿರೋರ ಅಂದಾಜೇ ಹೀಗಾದರೆ ದಣಿದ ಮನಸ್ಸಿನ ಅಂದಾಜು ಇನ್ನೂ ಕೆಳಗೆ ಇರುತ್ತೆ. "ಹೋದರೆ ಏನು ಸಿಗುತ್ತೆ, ಮಲಗೋದೇ ವಾಸಿ" ಅಂತ ಅನ್ನಿಸೋದು ಆ ಲೆಕ್ಕದಿಂದಲೇ. ಅದಕ್ಕೇ ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯಬಾರದು. ಕೆಲಸಕ್ಕೆ ಕೈ ಹಾಕಿದ ಮೇಲೆ ಮನಸ್ಸು ಹಿಂದೆಯೇ ಬರುತ್ತೆ. ಖಿನ್ನತೆಗೆ ಚಿಕಿತ್ಸೆ ಕೊಡುವವರು ದಿನದ ಸಣ್ಣಪುಟ್ಟ ಕೆಲಸಗಳನ್ನು ಇಂಥ ಹೊತ್ತಿಗೆ ಅಂತ ಗೊತ್ತು ಮಾಡಿ ಮಾಡಿಸೋದೂ ಇದೇ ಕಾರಣಕ್ಕೆ.

ಎಷ್ಟು ಮಾಡಬೇಕು ಅನ್ನೋದಕ್ಕೂ ಒಂದು ಅಳತೆ ಇದೆ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಖಿನ್ನತೆ, ಆತಂಕ ಇದ್ದವರನ್ನು ಮೂರು ಗುಂಪು ಮಾಡಿ ಐದು ವಾರ ನೋಡಿದರು. ಒಂದು ಗುಂಪು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರರಂತೆ, ಬೇರೆಯವರಿಗೆ ಉಪಕಾರದ ಸಣ್ಣ ಕೆಲಸ ಮಾಡಬೇಕು. ಇನ್ನೊಂದು ಗುಂಪು ಜನರ ಜೊತೆ ಬೆರೆಯೋ ಕಾರ್ಯಕ್ರಮ ಹಾಕಿಕೊಳ್ಳಬೇಕು. ಮತ್ತೊಂದು ತನ್ನ ಯೋಚನೆಗಳನ್ನು ಬರೆದು ತಿದ್ದಿಕೊಳ್ಳಬೇಕು. ಮೂರೂ ಗುಂಪಿನವರು ಸುಧಾರಿಸಿದರು. ಆದರೆ "ನಾನು ಒಂಟಿಯಲ್ಲ, ನಾಲ್ಕು ಜನರ ನಡುವೆ ಇದ್ದೀನಿ" ಅನ್ನೋ ಭಾವ ಉಪಕಾರ ಮಾಡಿದ ಗುಂಪಿನಲ್ಲೇ ಹೆಚ್ಚು. ಅಷ್ಟು ಹೊತ್ತು ಗಮನ ತಮ್ಮಿಂದ ಆಚೆ ಹೋಗಿತ್ತು ಅನ್ನೋದು ಸಂಶೋಧಕರು ಕಂಡ ಕಾರಣ. ವಾರಕ್ಕೆ ಎರಡೇ ದಿನ ಅನ್ನೋದನ್ನು ಗಮನಿಸು. ದಿನಾ ಮೈಮೇಲೆ ಹಾಕಿಕೊಳ್ಳೋದು ಬೇಡ. ನಿನಗೆ ಸದ್ಯಕ್ಕೆ ಶನಿವಾರ ಎರಡು ಗಂಟೆ ಸಾಕು.

ಎಂಥ ಕೆಲಸ ಅಂದರೆ, ಶುರುವೂ ಕೊನೆಯೂ ಕಣ್ಣಿಗೆ ಕಾಣಬೇಕು. ಎದುರಿಗೆ ಒಬ್ಬರು ಮನುಷ್ಯರು ಇರಬೇಕು. ನಿನಗೆ ಈಗಾಗಲೇ ಗೊತ್ತಿರೋ ವಿದ್ಯೆಯಲ್ಲಿ ಆಗಬೇಕು. "ಸಮಾಜ ಸೇವೆ" ಅಂತ ದೊಡ್ಡದಾಗಿ ಹೊರಟರೆ ಈ ಮೂರರಲ್ಲಿ ಒಂದೂ ಇರೋದಿಲ್ಲ, ಅದಕ್ಕೇ ಅದು ಬೇಗ ಸೋತುಹೋಗುತ್ತೆ.

ಹಾಸನದಲ್ಲಿ ನಿನಗೆ ಒಪ್ಪುವ ಕೆಲಸ ಒಂದಿದೆ, ಕಾಗದಪತ್ರದ್ದು. ನೀನು ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತು ಫಾರಂ, ನಂಬರು ನೋಡುವವಳು. ನಿಮ್ಮ ಪೀಜಿಯಲ್ಲಿ ಅಡುಗೆ ಮಾಡೋ ಅಕ್ಕನ ಅತ್ತೆಗೋ, ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹೂವು ಮಾರೋ ಅಜ್ಜಿಗೋ ಅದೇ ಕೆಲಸ ದೊಡ್ಡ ಬೆಟ್ಟ. "ಪಿಂಚಣಿ ಸರಿಯಾಗಿ ಬರ್ತಾ ಇದ್ಯಾ ಅಜ್ಜಿ?" ಅಂತ ಒಂದು ಮಾತು ಕೇಳು, ಸಾಕು. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ, ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ 2,000. ಆ ದುಡ್ಡು ನಿಂತರೆ ಮಾತ್ರೆ ನಿಲ್ಲುತ್ತೆ.

ಮೊದಲ ದಿನ ಏನನ್ನೂ ಸರಿ ಮಾಡೋಕೆ ಹೋಗಬೇಡ, ಬರೀ ನೋಡು. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಪಿಂಚಣಿ ಮಂಜೂರಾತಿ ಪತ್ರ ಇದ್ದರೆ ಅದು, ಇಷ್ಟನ್ನೂ ಒಂದು ಚಾಪೆ ಮೇಲೆ ಹರಡಿಕೋ. ಪಾಸ್‌ಬುಕ್ಕಿನ ಕೊನೆಯ ಎಂಟ್ರಿ ಯಾವ ತಿಂಗಳದ್ದು ನೋಡು. ಎಷ್ಟೋ ಸಲ ದುಡ್ಡು ನಿಂತೇ ಇರೋದಿಲ್ಲ, ಪಾಸ್‌ಬುಕ್ ಎಂಟ್ರಿ ಹಾಕಿಸಿರೋದಿಲ್ಲ, ಮೆಸೇಜು ಮೊಮ್ಮಗನ ಹಳೇ ನಂಬರಿಗೆ ಹೋಗುತ್ತಿರುತ್ತೆ, ಅಜ್ಜಿಗೆ ಗೊತ್ತೇ ಆಗಿರೋದಿಲ್ಲ. ಹಾಗಿದ್ದರೆ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದರೆ ಅರ್ಧ ಗಂಟೆಯಲ್ಲಿ ಮುಗಿಯಿತು.

ನಿಜಕ್ಕೂ ನಿಂತಿದ್ದರೆ ಹೆಸರು ಹೋಲಿಸು. ಆಧಾರ್‌ನಲ್ಲಿ ಜಯಮ್ಮ, ಪಾಸ್‌ಬುಕ್ಕಿನಲ್ಲಿ ಜಯಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಜಯಮ್ಮ ಕೋಂ ಇಂಥವರು ಅಂತ ಇದ್ದರೆ ಅಲ್ಲೇ ತೊಡಕು. ಹೆಸರು ಸರಿ ಇದ್ದರೆ ಮುಂದಿನದು ಆಧಾರ್ ಜೋಡಣೆ, ಇಲ್ಲೇ ಹೆಚ್ಚು ಜನ ಎಡವೋದು. "ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೀನಲ್ಲ" ಅಂತ ಅಜ್ಜಿ ಹೇಳುತ್ತಾರೆ. ಖಾತೆಗೆ ಗುರುತಿನ ಚೀಟಿಯಾಗಿ ಆಧಾರ್ ಕೊಡೋದು ಬೇರೆ, ಸರ್ಕಾರದ ದುಡ್ಡು ಆಧಾರ್ ಮೂಲಕ ಇದೇ ಖಾತೆಗೆ ಬರಲಿ ಅಂತ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ದುಡ್ಡಿನ ವರ್ಗಾವಣೆ ನೋಡಿಕೊಳ್ಳೋ ಸಂಸ್ಥೆ) ಪಟ್ಟಿಯಲ್ಲಿ ಸೇರಿಸೋದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಫಾರಂ ಕೊಡಬೇಕು. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಖಾತೆ, ಕೊನೆಗೆ ಯಾವುದನ್ನು ಜೋಡಿಸಿದರೋ ದುಡ್ಡು ಅದಕ್ಕೇ ಹೋಗುತ್ತೆ. ಸಂಘದ ಸಾಲಕ್ಕೆ ಅಂತಲೋ, ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗಲೋ ತೆರೆಸಿದ ಇನ್ನೊಂದು ಖಾತೆಗೆ ತಿಂಗಳುಗಟ್ಟಲೆ ಪಿಂಚಣಿ ಬೀಳುತ್ತಿರಬಹುದು. ಮೈಆಧಾರ್ ಜಾಲತಾಣದಲ್ಲಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಅಂತ ಇದೆ, ಯಾವ ಬ್ಯಾಂಕು ಅಂತ ತೋರಿಸುತ್ತೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಓಟಿಪಿ ಬರಬೇಕು. ಆ ನಂಬರು ಈಗ ಇಲ್ಲ ಅಂದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರು ಬದಲಾಯಿಸಬೇಕು.

ಬೆರಳಚ್ಚು ಬೀಳದೆ ಹೋಗೋದು ಇನ್ನೊಂದು ತೊಂದರೆ. ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದ ಬೆರಳುಗಳು. ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿ, ಹೆಬ್ಬೆರಳು ಬಿಟ್ಟು ಬೇರೆ ಬೆರಳು ಇಡಿಸಿ ನೋಡು. ಆಗದಿದ್ದರೆ ಕಣ್ಣಿನ ಅಥವಾ ಮುಖದ ಗುರುತು ಪಡೆಯೋ ವ್ಯವಸ್ಥೆ ಇದೆಯಾ ಅಂತ ಕೇಂದ್ರದವರನ್ನು ಕೇಳು, ಕೇಳದೆ ಅವರಾಗಿ ಹೇಳೋದು ಕಡಿಮೆ. ಪರಿಶೀಲನೆಗೆ ಬಂದಾಗ ಅಜ್ಜಿ ಮನೆಯಲ್ಲಿ ಸಿಗಲಿಲ್ಲ ಅಂತ ಪಿಂಚಣಿ ತಡೆದಿದ್ದರೆ ಮಾತ್ರ ನಾಡಕಚೇರಿಗೋ ತಾಲ್ಲೂಕು ಕಚೇರಿಗೋ ಅರ್ಜಿ ಕೊಡಬೇಕಾಗುತ್ತೆ. ಅರ್ಜಿ ಎರಡು ಪ್ರತಿ ಬರೆದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬಾ. ಸೀಲಿಲ್ಲದ ಅರ್ಜಿಗೆ ಮುಂದಿನ ಸಲ ಗುರುತೇ ಇರೋದಿಲ್ಲ.

ಕೆಲವು ನಿಯಮ ಕಟ್ಟುನಿಟ್ಟು. ಅವರ ಎಟಿಎಂ ಕಾರ್ಡು ಮುಟ್ಟಬೇಡ, ಪಿನ್ ಕೇಳಬೇಡ, ಅವರ ಪರವಾಗಿ ದುಡ್ಡು ಬಿಡಿಸಿಕೊಂಡು ಬರಬೇಡ. ಓಟಿಪಿ ಅವರ ಫೋನಿನಲ್ಲಿ ಅವರ ಎದುರಿಗೇ ಹಾಕು. ಆಧಾರ್ ಫೋಟೋ ನಿನ್ನ ಫೋನಿನಲ್ಲಿ ತೆಗೆಯಲೇಬೇಕಾಗಿ ಬಂದರೆ ಕೆಲಸ ಮುಗಿದ ಕೂಡಲೇ ಅವರಿಗೆ ತೋರಿಸಿ ಅಳಿಸು. "ಮಾಡಿಸಿಕೊಡ್ತೀನಿ" ಅನ್ನಬೇಡ, "ವಿಚಾರಿಸಿ ನೋಡೋಣ" ಅನ್ನು. ದುಡ್ಡು ಬರೋದು ನಿನ್ನ ಕೈಯಲ್ಲಿಲ್ಲ, ಮಾತು ಕೊಟ್ಟರೆ ಬಾರದ ದುಡ್ಡಿನ ಭಾರ ನಿನ್ನ ತಲೆ ಮೇಲೆ ಕೂರುತ್ತೆ. ಏಳುವ ಮುಂಚೆ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಮೂರು ಸಾಲು ಬರೆ: ಇವತ್ತು ಏನಾಯಿತು, ಮುಂದೆ ಎಲ್ಲಿಗೆ ಯಾವ ತಾರೀಖು, ಏನೇನು ಒಯ್ಯಬೇಕು. ಕಾಗದಗಳ ಜೊತೆ ಅದನ್ನೂ ಗುಂಡಿ ಇರೋ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟು ಅಜ್ಜಿ ಕೈಗೆ ಕೊಡು. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಪಿಂಚಣಿ ಬರಲಿ ಬಿಡಲಿ, ಸೆರಗಿನ ಗಂಟಿನಲ್ಲಿ ಮುದುರಿಕೊಂಡಿದ್ದ ಕಾಗದಗಳು ಒಪ್ಪವಾಗಿ ಕೂತಿರುತ್ತವೆ, ಯಾವ ಬಾಗಿಲಿಗೆ ಹೋಗಬೇಕು ಅಂತ ಅವರಿಗೆ ಗೊತ್ತಾಗಿರುತ್ತೆ. ಮನಸ್ಸಿಗೆ ಬೇಕಾದದ್ದು ಹೀಗೆ ಕಣ್ಣೆದುರು ಮುಗಿಯೋ ಕೆಲಸವೇ.

ಅಜ್ಜಿ ಒಂದು ಮೊಳ ಹೂವು ಕೊಟ್ಟರೆ, ಕಾಫಿ ಕೊಟ್ಟರೆ ಬೇಡ ಅನ್ನಬೇಡ. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ, ಅದರಲ್ಲಿ ಯಾರೂ ಯಾರ ಮುಂದೂ ಸಣ್ಣವರಾಗೋದಿಲ್ಲ. ಬರೀ ಕೊಟ್ಟು ಏನೂ ತಗೊಳ್ಳದೆ ಬಂದರೆ ಅವರಿಗೆ ಋಣ ಹೊರಿಸಿ ಬಂದ ಹಾಗಾಗುತ್ತೆ, ಮುಂದಿನ ಸಲ ಕರೆಯೋಕೆ ಸಂಕೋಚಪಡುತ್ತಾರೆ. ದುಡ್ಡು ಮಾತ್ರ ಬೇಡ.

ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ಎರಡನೇ, ನಾಲ್ಕನೇ ಶನಿವಾರ ರಜೆ. ಆ ಎರಡು ವಾರಕ್ಕೂ, ಜನರ ಎದುರು ಹೋಗೋ ಶಕ್ತಿ ಇಲ್ಲದ ದಿನಕ್ಕೂ ಹೊಂದುವ ಕೆಲಸ ಇಟ್ಟುಕೋ: ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ರೆಕಾರ್ಡ್ ಮಾಡೋದು. ಕಾಲೇಜಿನ ಉಪನ್ಯಾಸಕರ ಮೂಲಕ ಒಬ್ಬ ವಿದ್ಯಾರ್ಥಿಯನ್ನು ಗುರುತು ಮಾಡಿಕೊಂಡು, ಯಾವ ಪಾಠ ಯಾವ ದಿನದೊಳಗೆ ಬೇಕು ಅಂತ ಅವರನ್ನೇ ಕೇಳು. ನಿನಗೆ ತೋಚಿದ್ದನ್ನು ಓದಿ ಕಳಿಸಬೇಡ. ಫ್ಯಾನು ಆರಿಸು, ಫೋನು ಬಾಯಿಂದ ಒಂದು ಗೇಣು ದೂರ, ನೇರಕ್ಕೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಢಬ್ ಅನ್ನುತ್ತೆ. ಶುರುವಿಗೆ ಪುಸ್ತಕ, ಪಾಠ, ಪುಟದ ಸಂಖ್ಯೆ ಹೇಳು, ಪುಟ ಬದಲಾದಾಗ ಮತ್ತೆ ಹೇಳು. ಚಿತ್ರ ಬಂದರೆ "ಇಲ್ಲೊಂದು ಚಿತ್ರ ಇದೆ" ಅಂತ ದಾಟಿಸಬೇಡ. ಏನಿದೆ, ಯಾವ ಭಾಗಕ್ಕೆ ಏನು ಹೆಸರು ಬರೆದಿದೆ ಅಂತ ವಿವರಿಸು. ಪಠ್ಯದ ಒಂದು ಪುಟಕ್ಕೆ ಮೂರು ನಾಲ್ಕು ನಿಮಿಷ ಹಿಡಿಯುತ್ತೆ. ಇಪ್ಪತ್ತು ನಿಮಿಷಕ್ಕೆ ಒಂದು ಫೈಲು ಮುಗಿಸು, ಉದ್ದವಾದರೆ ಬೇಕಾದ ಜಾಗ ಹುಡುಕೋದು ಅವರಿಗೆ ಕಷ್ಟ. ಅಂಗವಿಕಲರ ಓದಿಗಾಗಿ ಹೀಗೆ ಪ್ರತಿ ಮಾಡೋದಕ್ಕೆ 2012ರ ತಿದ್ದುಪಡಿಯಾದ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಅವಕಾಶ ಇದೆ.

ರಕ್ತದಾನದ ಬಗ್ಗೆಯೂ ಕೇಳಿದ್ದೀಯ. ಹಾಸನದ ದೊಡ್ಡಾಸ್ಪತ್ರೆಯಲ್ಲಿ ಕೊಡಬಹುದು. ವಯಸ್ಸು 18 ಆಗಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5, ಹೆಂಗಸರಿಗೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 120 ದಿನದ ಅಂತರ. ನಿನ್ನಷ್ಟು ತೂಕದವರಿಂದ 350 ಮಿಲಿ ತೆಗೆಯುತ್ತಾರೆ. ಹೊಟ್ಟೆ ತುಂಬಾ ತಿಂಡಿ ತಿಂದು, ಚೆನ್ನಾಗಿ ನೀರು ಕುಡಿದು ಹೋಗು. ಆದ ಮೇಲೆ ತಟ್ಟನೆ ಏಳಬೇಡ, ತಲೆ ಸುತ್ತಿ ಬೀಳೋದು ಆಗಲೇ. ಆದರೆ ನಿನ್ನ ವಿಷಯದಲ್ಲಿ ಕೊಡೋದಕ್ಕಿಂತ ಅಲ್ಲಿ ಮಾಡೋ ಪರೀಕ್ಷೆ ನನಗೆ ಮುಖ್ಯ. ಹಿಮೋಗ್ಲೋಬಿನ್ ಸಾಲದು ಅಂತ ವಾಪಸ್ ಕಳಿಸಿದರೆ ಬೇಜಾರು ಮಾಡಿಕೊಳ್ಳದೆ ಡಾಕ್ಟರ ಹತ್ತಿರ ಹೋಗು. ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರೋದು ಅದರಿಂದಲೂ ಬರುತ್ತೆ. ಥೈರಾಯ್ಡ್ ಕಡಿಮೆ ಇದ್ದರೂ ಹಾಗೆಯೇ. ಅಂಥ ಸುಸ್ತನ್ನು ಯಾವ ಸೇವೆಯೂ ಗುಣ ಮಾಡೋದಿಲ್ಲ.

ಇನ್ನು ಎಲ್ಲಿ ಕೆಡುತ್ತೆ ಅನ್ನೋದು. ನೀನು ಆಫೀಸಿನಲ್ಲಿ ಪಕ್ಕದವರ ರಿಪೋರ್ಟು, ಅವರ ರಜೆ ದಿನದ ಕೆಲಸ ಎಲ್ಲ ಮಾಡಿಕೊಡುತ್ತೀಯಲ್ಲ, ಅದನ್ನು ಸಹಾಯದ ಲೆಕ್ಕಕ್ಕೆ ಸೇರಿಸಬೇಡ. ಇಲ್ಲ ಅನ್ನೋಕಾಗದೆ ಮಾಡಿದ್ದು ಅದು. 2010ರಲ್ಲಿ ನೆಟ್ಟಾ ವೈನ್‌ಸ್ಟೀನ್, ರಿಚರ್ಡ್ ರಯಾನ್ ಇದನ್ನೇ ಪರೀಕ್ಷಿಸಿದರು: ಸ್ವಂತ ಇಷ್ಟದಿಂದ ಮಾಡಿದ ಸಹಾಯ ಮಾಡಿದವರ ಮನಸ್ಸನ್ನು ಎತ್ತುತ್ತೆ, ಒತ್ತಾಯಕ್ಕೆ ಮಾಡಿದ್ದು ಎತ್ತೋದಿಲ್ಲ. ಅಷ್ಟೇ ಅಲ್ಲ, ಮನಸಾರೆ ಮಾಡಿದ ಸಹಾಯ ಪಡೆದವರಿಗೂ ಹೆಚ್ಚು ಹಿತವಾಗಿತ್ತು. ಹಾಗಾಗಿ ಆಫೀಸಿನಲ್ಲಿ ಇಲ್ಲ ಅನ್ನೋದನ್ನು ಕಲಿಯೋದೂ ಈ ಶನಿವಾರದ ಕೆಲಸದ ಒಂದು ಭಾಗ ಅಂದುಕೋ. ಹೊತ್ತಿನ ಗಡಿ ಅಜ್ಜಿಗೂ ಅನ್ವಯಿಸುತ್ತೆ. ಬುಧವಾರ ರಾತ್ರಿ ಫೋನ್ ಮಾಡಿದರೆ "ಈಗ ಆಗಲ್ಲ ಅಜ್ಜಿ, ಶನಿವಾರ ಹತ್ತು ಗಂಟೆಗೆ ಬರ್ತೀನಿ" ಅನ್ನು. ಹೇಳಿದ ಹಾಗೆ ಹತ್ತಕ್ಕೆ ಸರಿಯಾಗಿ ಹೋದರೆ ಯಾರಿಗೂ ಬೇಸರ ಆಗೋದಿಲ್ಲ.

ಕಷ್ಟದಲ್ಲಿರೋರನ್ನು ನೋಡಿ "ಇವರ ಮುಂದೆ ನನ್ನದೇನು ಮಹಾ" ಅಂತ ಹೋಲಿಸಿಕೊಳ್ಳೋ ಅಭ್ಯಾಸ ಬೇಡವೇ ಬೇಡ. ಹಿರಿಯರು ಒಳ್ಳೆಯದಕ್ಕೇ ಹಾಗೆ ಹೇಳುತ್ತಾರೆ, ಆದರೆ ಕುಗ್ಗಿದ ಮನಸ್ಸಿಗೆ ಅದರಿಂದ ಸಿಗೋದು ತಪ್ಪಿತಸ್ಥ ಭಾವ ಮಾತ್ರ. ನಿನ್ನ ನೋವು ನಿನ್ನದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಫೋಟೋ ತೆಗೆದು ಹಾಕೋದೂ ಬೇಡ. ಅಜ್ಜಿಯ ಮರ್ಯಾದೆ ಒಂದು ಕಡೆ, ಇನ್ನೊಂದು ಕಡೆ ನಿನ್ನ ಮನಸ್ಸು ಕೆಲಸ ಬಿಟ್ಟು ಲೈಕು ಎಣಿಸೋಕೆ ಹೋಗಿಬಿಡುತ್ತೆ. ಕೆಲವು ವಾರ ಏನೂ ಅನ್ನಿಸದೇ ಇರಬಹುದು. ಎರಡು ಗಂಟೆ ಮಾಡಿಯೂ ಮನಸ್ಸು ಹಾಗೇ ಇದ್ದರೆ ಕೆಲಸ ಬದಲಾಯಿಸಿ ನೋಡು, ಬಹುಶಃ ಎದುರಿಗೆ ಮನುಷ್ಯರು ಬೇಕಿತ್ತೇನೋ, ಅಥವಾ ಹೆಚ್ಚು ಜನ ಆದರೇನೋ. ಹೊತ್ತು ಮಾತ್ರ ಹೆಚ್ಚಿಸಬೇಡ.

ಇದನ್ನು ನಿಧಾನವಾಗಿ ಓದು. ಬೇಸರವೋ, ಯಾವುದೂ ಬೇಡ ಅನ್ನೋದೋ ಹೆಚ್ಚುಕಡಿಮೆ ದಿನಾ ಇದ್ದು ಎರಡು ವಾರ ದಾಟಿದೆ, ನಿದ್ದೆ ಊಟ ಏರುಪೇರಾಗಿದೆ, ತಾನು ಯಾತಕ್ಕೂ ಬಾರದವಳು ಅನ್ನಿಸುತ್ತಿದೆ ಅಂದರೆ ಅದು ಕಾಯಿಲೆ ಇರಬಹುದು, ಮೊದಲು ಡಾಕ್ಟರು, ಶನಿವಾರದ ಕೆಲಸ ಆಮೇಲೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಾಯೋ ಯೋಚನೆ ಒಂದು ಸಲ ಸುಳಿದರೂ ಕಾಯಬೇಡ, ಅವರಿಗೆ ಫೋನ್ ಮಾಡು, ನನಗೂ ಮಾಡು. ಮಧ್ಯರಾತ್ರಿ ಆದರೂ ಸರಿ. ಸಕಲೇಶಪುರದ ಮೇಲೆ ಬಂದರೆ ನಿನ್ನ ಹತ್ತಿರ ಬರೋಕೆ ಎಷ್ಟು ಹೊತ್ತು, ಹೊರಟು ಬರುತ್ತೀನಿ.

ಹಾಗೇನೂ ಇಲ್ಲ, ಬರೀ ಮಂಕು ಅಂದರೆ ಬರೋ ಶನಿವಾರವೇ ಶುರು ಮಾಡು, ಅದು ತಿಂಗಳ ಮೂರನೆಯದು, ಬ್ಯಾಂಕು ತೆಗೆದಿರುತ್ತೆ. ಎರಡು ಪ್ಲಾಸ್ಟಿಕ್ ಫೈಲು, ಬಾಲ್ ಪೆನ್ನು, ಒಂದು ನೋಟ್‌ಬುಕ್ಕು, ಜೆರಾಕ್ಸಿಗೆ ಚಿಲ್ಲರೆ ಇಟ್ಟುಕೋ. ತಿಂಡಿ ತಿಂದೇ ಹೊರಡು. ಅಡುಗೆ ಅಕ್ಕನ ಹತ್ತಿರ ಗುರುವಾರವೇ ಮಾತಾಡಿಡು, ಪಾಸ್‌ಬುಕ್ಕು ಟ್ರಂಕಿನಲ್ಲಿ ಎಲ್ಲಿದೆ ಅಂತ ಹುಡುಕೋಕೇ ಅವರ ಅತ್ತೆಗೆ ಒಂದು ದಿನ ಬೇಕಾಗುತ್ತೆ.

ಪ್ರೀತಿಯಿಂದ,
ಅಮ್ಮ